ವಾಚ್ ಬಿಗಿಯಾಗಿ ಕಟ್ಟಿದ್ರೆ ಹಾರ್ಟ್ ರೇಟ್ ಸರಿ ಬರುತ್ತಾ?

ಒಂದು ಸಣ್ಣ ಕೆಲಸ ಮಾಡಿ. ಹೆಬ್ಬೆರಳಿನ ಉಗುರನ್ನು ಗಟ್ಟಿಯಾಗಿ ಒತ್ತಿ ಹಿಡಿದು ಬಿಡಿ. ಒತ್ತಿದಾಗ ಉಗುರಿನಡಿ ಬೆಳ್ಳಗಾಗುತ್ತೆ, ಬಿಟ್ಟ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪು. ರಕ್ತ ಸಂಚಾರ ಹೇಗಿದೆ ಅಂತ ನೋಡೋಕೆ ಡಾಕ್ಟರುಗಳೂ ಇದನ್ನೇ ಮಾಡ್ತಾರೆ. ನಿಮ್ಮ ಸ್ಮಾರ್ಟ್ ವಾಚಿನ ಕಷ್ಟಸುಖವೆಲ್ಲ ಈ ಬಿಳಿ-ಕೆಂಪಿನಲ್ಲೇ ಇದೆ.

ವಾಚಿನ ಹಿಂಬದಿಯಲ್ಲಿ ಮಿನುಗೋ ಹಸಿರು ಬೆಳಕನ್ನು ನೋಡಿರ್ತೀರಿ. ರಕ್ತದ ಹಿಮೋಗ್ಲೋಬಿನ್ ಹಸಿರನ್ನು ಚೆನ್ನಾಗಿ ಹೀರಿಕೊಳ್ಳುತ್ತೆ. ಹೃದಯ ಒಮ್ಮೆ ಬಡಿದಾಗ ಚರ್ಮದಡಿ ರಕ್ತ ತುಸು ಹೆಚ್ಚುತ್ತೆ, ವಾಪಸ್ ಬರೋ ಬೆಳಕು ತುಸು ಕಡಿಮೆಯಾಗುತ್ತೆ. ಆ ಏರಿಳಿತವನ್ನೇ ವಾಚ್ ಎಣಿಸೋದು. ತಮಾಷೆ ಏನಂದ್ರೆ, ಈ ಏರಿಳಿತ ಒಟ್ಟು ಬೆಳಕಿನ ಶೇಕಡ 1-2ರ ಆಸುಪಾಸು ಅಷ್ಟೇ. ಅಷ್ಟು ಸಣ್ಣದನ್ನು ಕೆಡಿಸೋಕೆ ಒಂದು ಬೆಲ್ಟ್ ಸಾಕು.

ಸಡಿಲ ಬಿಟ್ರೆ ಹೊರಗಿನ ಬೆಳಕು ನುಗ್ಗುತ್ತೆ, ವಾಚ್ ಕುಣಿಯುತ್ತೆ. ಓಡುವಾಗ ಕೆಲವೊಮ್ಮೆ ಎದೆಬಡಿತದ ಬದಲು ಹೆಜ್ಜೆಯ ಲಯವನ್ನೇ ಎಣಿಸಿ, ಆರಾಮಾಗಿ ಜಾಗ್ ಮಾಡ್ತಿರೋರಿಗೂ 170 ತೋರಿಸಿಬಿಡುತ್ತೆ. ಸ್ವಲ್ಪ ಬಿಗಿ ಮಾಡಿದ್ರೆ ಚಿತ್ರ ಸ್ಪಷ್ಟ. ಒತ್ತಡ ಕಡಿಮೆ ಇರೋ ಸಿರೆಗಳು ಮೊದಲು ಚಪ್ಪಟೆಯಾಗಿ, ಬೇಡದ ರಕ್ತ ಬದಿಗೆ ಸರಿಯುತ್ತೆ, ಮಿಡಿತ ಎದ್ದು ಕಾಣುತ್ತೆ. ಇನ್ನೂ ಬಿಗಿದ್ರೆ? ಉಗುರಿನಡಿ ಆದದ್ದೇ ಇಲ್ಲೂ ಆಗುತ್ತೆ. ಸಣ್ಣ ರಕ್ತನಾಳಗಳೂ ಮುಚ್ಚಿ, ಎಣಿಸೋಕೆ ಮಿಡಿತವೇ ಉಳಿಯಲ್ಲ. ಫೋನ್ ಕ್ಯಾಮೆರಾ ಮೇಲೆ ಬೆರಳಿಟ್ಟು ನಾಡಿ ನೋಡೋ ಆ್ಯಪ್‌ಗಳಲ್ಲೂ ಇದೇ ಕಥೆ. ಜೋರಾಗಿ ಒತ್ತಿದ್ರೆ ಕೆಲಸ ಕೆಡುತ್ತೆ.

ಅಂದ್ರೆ ಮಧ್ಯದಲ್ಲೊಂದು ಹದ ಇದೆ. ಮನೆಯ ಡಿಜಿಟಲ್ ಬಿ.ಪಿ. ಮಷೀನ್ ನಡೆಯೋದೂ ಈ ಹದದ ಮೇಲೇ. ತೋಳಪಟ್ಟಿಯ ಒತ್ತಡ ಅಪಧಮನಿಯ ಸರಾಸರಿ ಒತ್ತಡದ ಹತ್ತಿರ ಬಂದಾಗ ಮಿಡಿತ ಅತಿ ದೊಡ್ಡದಾಗುತ್ತೆ. ಅದನ್ನೇ ಹಿಡಿದು ಮಷೀನ್ ಲೆಕ್ಕ ಹಾಕುತ್ತೆ. ವಾಚಿಗೆ ಆ ಅನುಕೂಲ ಇಲ್ಲ ನೋಡಿ, ನೀವು ಯಾವ ತೂತಿಗೆ ಬಕಲ್ ಹಾಕಿದ್ದೀರಿ ಅಂತ ಅದಕ್ಕೆ ಗೊತ್ತಿರಲ್ಲ. ಮಣಿಕಟ್ಟಿನ ಮೂಳೆಗಿಂತ ತುಸು ಮೇಲೆ, ಜಾರದ ಹಾಗೆ, ಆದ್ರೆ ಗುರುತು ಬೀಳದ ಹಾಗೆ ಕಟ್ಟಿ. ದಿನಾ ಅದೇ ತೂತು ಇರಲಿ. ಇಲ್ಲದಿದ್ರೆ ನಿನ್ನೆ-ಇವತ್ತಿನ ಹೋಲಿಕೆಗೆ ಅರ್ಥವಿಲ್ಲ.

ಹಾರ್ಟ್ ರೇಟ್ ತಪ್ಪಿದ್ರೆ ಒಂದು ವರ್ಕೌಟ್ ಕೆಡುತ್ತೆ, ಅಷ್ಟೇ. ಆಕ್ಸಿಜನ್ ಸಂಖ್ಯೆ ಹಾಗಲ್ಲ. ಕೊರೊನಾ ಕಾಲದಲ್ಲಿ ಎಷ್ಟೋ ಮನೆಗೆ ಬಂದ ಬೆರಳಿನ ಕ್ಲಿಪ್‌ನ ಹಿಂದಿನ ಉಪಾಯ ಜಪಾನಿನ ತಕುವೊ ಅವೊಯಾಗಿ ಅವರದ್ದು. 1974ರಲ್ಲಿ ಅವರು ಅದನ್ನು ಮಂಡಿಸಿದ್ರು. ಸುಮಾರು 660 ನ್ಯಾನೊಮೀಟರಿನ ಕೆಂಪು, 940ರ ಇನ್‌ಫ್ರಾರೆಡ್ ಎರಡನ್ನೂ ಬೆರಳಿನ ಮೂಲಕ ಹಾಯಿಸಿ, ಮಿಡಿಯೋ ಭಾಗವನ್ನಷ್ಟೇ ಲೆಕ್ಕಕ್ಕೆ ತಗೊಳ್ಳೋದು. ಮಿಡಿಯೋದು ಅಪಧಮನಿಯ ರಕ್ತ ಮಾತ್ರ ಅನ್ನೋದೇ ಇಲ್ಲಿನ ನಂಬಿಕೆ. ಬೆರಳು ತಣ್ಣಗಿದ್ರೆ ಅಥವಾ ಕ್ಲಿಪ್ ಹಿಂಡ್ತಿದ್ರೆ ಮಿಡಿತವೇ ಕ್ಷೀಣ, ಸಂಖ್ಯೆಗೆ ಆಧಾರ ಇರಲ್ಲ. ವಾಚು ಮಧ್ಯರಾತ್ರಿ 89 ತೋರಿಸಿದೆ ಅಂತ ಬೆಳಿಗ್ಗೆ ಗಾಬರಿಯಾದವರು, ರಾತ್ರಿ ಆ ಕೈ ಮೇಲೇ ಮಲಗಿದ್ರಾ ಅಂತ ಮೊದಲು ನೆನಪು ಮಾಡ್ಕೊಳ್ಳಿ. ಆದ್ರೆ ಅಪ್ಪ-ಅಮ್ಮ ಏದುಸಿರು ಬಿಡ್ತಿದ್ರೆ, ಸಂಖ್ಯೆ 97 ಇದ್ರೂ ಡಾಕ್ಟರ ಹತ್ರ ಕರ್ಕೊಂಡು ಹೋಗಿ.

ಹಾಗಂತ ಒತ್ತೋದು ಯಾವಾಗಲೂ ತಪ್ಪಲ್ಲ. ನವಜಾತ ಶಿಶುವಿಗೆ ಕಾಮಾಲೆ ಇದೆಯಾ ಅಂತ ನೋಡೋಕೆ ನರ್ಸ್ ಹಣೆ ಅಥವಾ ಎದೆಯನ್ನು ಬೆರಳಿಂದ ಒತ್ತಿ ಬಿಡೋದನ್ನು ಹೊಸ ಅಪ್ಪ-ಅಮ್ಮಂದಿರು ನೋಡಿರ್ತೀರಿ. ರಕ್ತದ ಕೆಂಪು ಸರಿದು ಅಡಿಯ ಹಳದಿ ಕಾಣಲಿ ಅಂತ. ಬೆಳಕಿನಿಂದ ಬಿಲಿರುಬಿನ್ ಅಳೆಯೋ ಮೀಟರನ್ನೂ ಮಗುವಿನ ಹಣೆಗೋ ಎದೆಗೋ ಒತ್ತಿ ಹಿಡಿದೇ ಅಳತೆ ತಗೊಳ್ತಾರೆ. ಮಗುವನ್ನು ನೀಲಿ ಬೆಳಕಿನಡಿ ಮಲಗಿಸಿದ ಮೇಲೆ ಮಾತ್ರ ಅದನ್ನು ನಂಬೋ ಹಾಗಿಲ್ಲ. ಚರ್ಮದ ಹಳದಿ ಬೇಗ ಇಳಿದಿರುತ್ತೆ, ರಕ್ತದಲ್ಲಿ ಇನ್ನೂ ಉಳಿದಿರಬಹುದು. ಆಗ ಪುಟ್ಟ ಹಿಮ್ಮಡಿಗೆ ಸೂಜಿ ಚುಚ್ಚಲೇಬೇಕು, ಅಜ್ಜಿ ಎಷ್ಟೇ ಬೈದರೂ.