ಕಾರ್ಖಾನೆಯ ಮೂಲೆಯ ಫೋನ್

‘ನಮ್ಮ ತಂದೆ ಕೆಲಸ ಮಾಡುವ ಕಾರ್ಖಾನೆಯಲ್ಲಿ ಹಳೆಯ ಇಂಟರ್‌ಕಾಂ ತೆಗೆದು ಹೊಸದು ಹಾಕುತ್ತಿದ್ದಾರೆ. ಎಲ್ಲರ ಜೇಬಿನಲ್ಲೂ ಮೊಬೈಲ್ ಇರುವಾಗ ಇದೆಲ್ಲ ಯಾಕೆ ಸಾರ್?’ ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆಯೇ.

ಮೊದಲನೆಯದಾಗಿ, ಮೊಬೈಲ್ ನಂಬರು ಮನುಷ್ಯನದು, ಇಂಟರ್‌ಕಾಂ ನಂಬರು ಜಾಗದ್ದು. ಪಾಳಿ ಬದಲಾದಾಗ ಬಾಯ್ಲರ್ ನೋಡಿಕೊಳ್ಳುವವರು ಬದಲಾಗುತ್ತಾರೆ, ಬಾಯ್ಲರ್ ಮನೆಯ ನಂಬರು ಬದಲಾಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿದ್ದಾರೆಂದು ತಿಳಿಯದಿದ್ದರೂ ಕರೆ ಹೋಗಬೇಕಾದಲ್ಲಿಗೇ ಹೋಗುತ್ತದೆ. ಎರಡನೆಯದಾಗಿ, ತಗಡಿನ ಗೋಡೆ, ಉಕ್ಕಿನ ತೊಲೆಗಳ ನಡುವೆ ರೇಡಿಯೋ ತರಂಗಗಳು ಬಲಗುಂದುತ್ತವೆ. ಬಣ್ಣ, ಥಿನ್ನರ್, ಅನಿಲ ಇರುವ ಕಡೆ ಸಾಮಾನ್ಯ ಮೊಬೈಲನ್ನು ಒಳಗೆ ಒಯ್ಯಲು ಬಿಡುವುದೇ ಇಲ್ಲ. ಒಂದು ಸಣ್ಣ ಕಿಡಿ ಸಾಕು. ಅಲ್ಲಿಗೆ ಬೇಕಾದದ್ದು ಕಿಡಿ ಹೊರಬಾರದಂತೆ ದಪ್ಪ ಲೋಹದ ಪೆಟ್ಟಿಗೆಯಲ್ಲಿ ಮುಚ್ಚಿದ ಫೋನ್.

ಹಳೆಯ ವ್ಯವಸ್ಥೆಯೂ ಒಂದು ಕಾಲದಲ್ಲಿ ಹೊಸದೇ ಆಗಿತ್ತು. ಅಮೆರಿಕದ ಅಲ್ಮನ್ ಸ್ಟ್ರೌಜರ್ 1891ರಲ್ಲಿ ಆಪರೇಟರ್ ಇಲ್ಲದೆ ತಾನೇ ಕರೆ ಜೋಡಿಸುವ ಎಕ್ಸ್‌ಚೇಂಜಿಗೆ ಪೇಟೆಂಟ್ ಪಡೆದ. ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದವನು! 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐ.ಟಿ.ಐ. ಅದೇ ಸ್ಟ್ರೌಜರ್ ಮಾದರಿಯ ಎಕ್ಸ್‌ಚೇಂಜುಗಳನ್ನು ತಯಾರಿಸಿತು. ಡಯಲ್ ತಿರುಗಿಸಿದಷ್ಟು ಸಲ ಯಂತ್ರದ ತೋಳು ‘ಟಕ್ ಟಕ್’ ಎಂದು ಮೆಟ್ಟಿಲು ಹತ್ತುತ್ತಿತ್ತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಚಲಿಸುವ ಭಾಗಗಳ ಬದಲು ಎಲೆಕ್ಟ್ರಾನಿಕ್ ಬಿಲ್ಲೆಗಳನ್ನು ಬಳಸಿ, ಏರ್ ಕಂಡಿಷನ್ ಇಲ್ಲದೆ ನಡೆಯುವ ಪುಟ್ಟ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಬಂದದ್ದು ನಮ್ಮ ಕಿತ್ತೂರಿಗೆ. ಈಗ ಹಲವು ಕಾರ್ಖಾನೆಗಳು ತೆಗೆಯುತ್ತಿರುವುದು ಆ ತಲೆಮಾರಿನ ಅಥವಾ ಅದರ ಮುಂದಿನ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳನ್ನು. ಬಿಡಿಭಾಗ ಸಿಗದು, ರಿಪೇರಿ ಬಲ್ಲವರು ನಿವೃತ್ತರಾಗಿದ್ದಾರೆ.

ಆದರೆ ಹಳೆಯ ಫೋನಿನಲ್ಲಿ ಒಂದು ಗುಣವಿದೆ. ಅದು ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಕೇಳುವುದಿಲ್ಲ. ಮಾತು ಸಾಗುವ ಎರಡು ತಂತಿಗಳಲ್ಲೇ ವಿದ್ಯುತ್ತೂ ಬರುತ್ತದೆ. ಎಕ್ಸ್‌ಚೇಂಜಿನ ಕೋಣೆಯಲ್ಲಿ ತಲಾ 2 ವೋಲ್ಟಿನ 24 ಸೀಸದ ಬ್ಯಾಟರಿ ಕೋಶಗಳನ್ನು ಸರಣಿಯಲ್ಲಿ ಜೋಡಿಸಿರುತ್ತಾರೆ. 24ನ್ನು 2ರಿಂದ ಗುಣಿಸಿ: 48 ವೋಲ್ಟ್. ಬ್ಯಾಟರಿಯ ಧನ ತುದಿಯನ್ನು ಭೂಮಿಗೆ ಜೋಡಿಸಿ ತಂತಿಯನ್ನು ಋಣ ವಿಭವದಲ್ಲಿ ಇಡುತ್ತಾರೆ. ಏಕೆ ಗೊತ್ತೇ? ನಿಮ್ಮ ಪಾಠದ ವಿದ್ಯುದ್ವಿಭಜನೆಯನ್ನು ನೆನಪಿಸಿಕೊಳ್ಳಿ. ಕರಗುವುದು ಧನಾಗ್ರ. ತೇವದ ನೆಲದಲ್ಲಿ ಹೂತ ತಾಮ್ರದ ತಂತಿ ಋಣಾಗ್ರವಾಗಿದ್ದರೆ ಸವೆಯುವುದು ಕಡಿಮೆ. ಹೀಗಾಗಿ ಕಾರ್ಖಾನೆಯೆಲ್ಲ ಕತ್ತಲಾದರೂ ಹಳೆಯ ಫೋನು ಮಾತಾಡುತ್ತದೆ. ಅಪಘಾತಗಳಾಗುವುದೂ ಅಂಥ ಹೊತ್ತಿನಲ್ಲೇ ಅಲ್ಲವೆ?

ಹೊಸ ಫೋನಿನ ಬಗೆ ಬೇರೆ. ಅದು ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ಗಳಲ್ಲಿ ಬರೆಯುತ್ತದೆ. ಸೆಕೆಂಡಿಗೆ 64,000 ಬಿಟ್ ಆಯಿತು. ಇದನ್ನು ಸಾಮಾನ್ಯವಾಗಿ 20 ಮಿಲಿ ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ವಿಳಾಸ ಅಂಟಿಸಿ, ಕಂಪ್ಯೂಟರ್ ಜಾಲದಲ್ಲಿ ಕಳಿಸುತ್ತದೆ. ಸೆಕೆಂಡಿಗೆ ಐವತ್ತು ಲಕೋಟೆ ಅಂಚೆಗೆ ಹಾಕಿದ ಹಾಗೆ. ಲಕೋಟೆಗಳು 150 ಮಿಲಿ ಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸರಾಗ. ಅದೇ ಜಾಲದಲ್ಲಿ ಕ್ಯಾಮೆರಾದ ಚಿತ್ರಗಳೂ ಲೆಕ್ಕಪತ್ರಗಳೂ ಓಡಾಡುವುದರಿಂದ ದನಿಯ ಲಕೋಟೆಗಳಿಗೆ ಮೊದಲು ದಾರಿ ಬಿಡುವಂತೆ ಏರ್ಪಾಡು ಮಾಡಬೇಕು. ರಸ್ತೆಯಲ್ಲಿ ಆಂಬುಲೆನ್ಸಿಗೆ ಬಿಟ್ಟಂತೆ. (ನಮ್ಮ ರಸ್ತೆಗಳಲ್ಲಿ ಎಷ್ಟು ಬಿಡುತ್ತೇವೆ ಎಂಬುದು ಬೇರೆ ಮಾತು!)

ಈ ಫೋನಿಗೂ ಜಾಲದ ತಂತಿಯಲ್ಲೇ ವಿದ್ಯುತ್ ಕೊಡಬಹುದು. 2003ರಿಂದ ಅದಕ್ಕೊಂದು ಮಾನಕವೂ ಇದೆ. ಆದರೆ ಆ ವಿದ್ಯುತ್ ಬರುವುದು ಒಂದೇ ಕೋಣೆಯಿಂದಲ್ಲ, ಶೆಡ್ ಶೆಡ್ಡಿನಲ್ಲೂ ಇರುವ ‘ಸ್ವಿಚ್’ ಎಂಬ ಪೆಟ್ಟಿಗೆಗಳಿಂದ. ಪ್ರತಿ ಪೆಟ್ಟಿಗೆಗೂ ಯು.ಪಿ.ಎಸ್. ಬೇಕು. ಒಂದಕ್ಕೆ ಇಲ್ಲದಿದ್ದರೂ ಕರೆಂಟು ಹೋದ ಕ್ಷಣ ಆ ಶೆಡ್ಡು ಮೂಕವಾಗುತ್ತದೆ. ಮನೆಗೆ ಫೈಬರ್ ಫೋನ್ ಹಾಕಿಸಿಕೊಂಡ ಪೋಷಕರಿಗೆ ಇದರ ಅನುಭವ ಆಗಿರಬಹುದು. ಇನ್ನೊಂದು ತೊಡಕು ದೂರದ್ದು. ಹಳೆಯ ಜೋಡಿ ತಂತಿ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಜಾಲದ ತಾಮ್ರದ ತಂತಿಗೆ ಮಿತಿ 100 ಮೀಟರ್. ಅದರಾಚೆಗೆ ಫೈಬರ್ ಎಳೆಯಬೇಕು, ಇಲ್ಲವೇ ಹಳೆಯ ತಂತಿಯನ್ನೇ ಉಳಿಸಿಕೊಂಡು ನಡುವೆ ಪರಿವರ್ತಕ ಇಡಬೇಕು.

ದೂರದಲ್ಲಿರುವುದು ಯಾವುದು? ಹಿಂಬದಿಯ ಗೇಟು, ಪಂಪ್‌ಹೌಸು, ಅನಿಲದ ಸಿಲಿಂಡರುಗಳ ಗೋದಾಮು. ಅಲ್ಲಿನ ಫೋನುಗಳನ್ನು ಬಳಸುವುದು ಅಪರೂಪ. ಹೊಸ ವ್ಯವಸ್ಥೆಯ ಖರ್ಚಿನ ಪಟ್ಟಿ ಹಾಕುವಾಗ ‘ಇಡೀ ವರ್ಷದಲ್ಲಿ ಎರಡೇ ಕರೆ, ತೆಗೆದುಬಿಡೋಣ’ ಎನ್ನುವ ಮಾತು ಬರುವುದೂ ಇವುಗಳ ಬಗೆಗೇ. ಮ್ಯಾನೇಜರರ ಮೇಜಿನ ಫೋನು ಒಂದು ವಾರ ಕೆಟ್ಟಿದ್ದರೂ ಯಾರ ಜೀವಕ್ಕೂ ಅಪಾಯವಿಲ್ಲ. ಪಂಪ್‌ಹೌಸಿನ ಫೋನು ಬೆಂಕಿ ಬಿದ್ದ ದಿನ ಕೆಟ್ಟಿದ್ದರೆ? ಕರೆಗಳ ಎಣಿಕೆಯಿಂದ ಈ ಫೋನಿನ ಬೆಲೆ ಕಟ್ಟಲು ಹೊರಡುವುದು ಶುದ್ಧ ಅವಿವೇಕ ಎಂದೇ ನನ್ನ ಅಭಿಪ್ರಾಯ.

ಗದ್ದಲದ ಮಾತನ್ನೂ ಹೇಳಬೇಕು. ಡೆಸಿಬೆಲ್ ಲೆಕ್ಕದಲ್ಲಿ 10 ಹೆಚ್ಚಿದರೆ ಶಬ್ದದ ತೀವ್ರತೆ ಹತ್ತು ಪಟ್ಟಾಗುತ್ತದೆ. 90 ಡೆಸಿಬೆಲ್ ಇರುವ ಪ್ರೆಸ್ ಶಾಪಿನಲ್ಲಿ ಕಚೇರಿಯ ಫೋನಿನ ಗಂಟೆ ಕೇಳಿಸದು. ಅಲ್ಲಿಗೆ ಹಾರನ್ನು, ಮಿನುಗುವ ದೀಪ, ಹಿನ್ನೆಲೆಯ ಸದ್ದನ್ನು ಕಳೆಯುವ ಮೈಕು ಬೇಕು.

ಇಷ್ಟೆಲ್ಲ ಬದಲಾವಣೆ ಕಾರ್ಖಾನೆ ನಡೆಯುತ್ತಿರುವಾಗಲೇ ಆಗಬೇಕು. ಅದಕ್ಕೆ ಹೊಸ ಎಕ್ಸ್‌ಚೇಂಜನ್ನು ಹಳೆಯದರ ಪಕ್ಕದಲ್ಲೇ ನಿಲ್ಲಿಸಿ, ಎರಡನ್ನೂ ಒಂದು ಕೊಂಡಿ ತಂತಿಯಿಂದ ಬೆಸೆಯುತ್ತಾರೆ. ಹೊಸ ಫೋನಿನವರು ಹಳೆಯ ಫೋನಿನವರನ್ನು ಎಂದಿನ ನಂಬರಿನಲ್ಲೇ ಕರೆಯಬಹುದು. ಆಮೇಲೆ ಒಂದೊಂದೇ ವಿಭಾಗವನ್ನು, ವಾರದ ರಜೆಯ ದಿನ ನೋಡಿಕೊಂಡು ಈಚೆಗೆ ತರುತ್ತಾರೆ. ಕಚೇರಿಗಳು ಮೊದಲು, ಅಗ್ನಿಶಾಮಕ ಮತ್ತು ಪ್ರಥಮ ಚಿಕಿತ್ಸೆಯ ಕೊಠಡಿ ಕೊನೆಗೆ. ಕಷ್ಟದ ಕೆಲಸವೆಂದರೆ ಯಾವ ತಂತಿ ಎಲ್ಲಿಗೆ ಹೋಗಿದೆ ಎಂದು ಹುಡುಕುವುದು. ನಕ್ಷೆ ಹಳೆಯದಾಗಿರುತ್ತದೆ, ಚೀಟಿ ಉದುರಿರುತ್ತದೆ. ಇಪ್ಪತ್ತೈದು ವರ್ಷ ಏಣಿ ಹೊತ್ತ ಲೈನ್‌ಮನ್ ಇದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದುಕೊಳ್ಳುವುದೇ ದಾರಿ.

ಎಲ್ಲ ಮುಗಿದ ಮೇಲೆ ಒಂದು ದಿನ ಬೇಕೆಂದೇ ಮುಖ್ಯ ವಿದ್ಯುತ್ ತೆಗೆದು, ಪ್ರತಿ ಮೂಲೆಯಿಂದ ಒಬ್ಬೊಬ್ಬರು ಕರೆ ಮಾಡಿ ನೋಡಬೇಕು. ಅಲ್ಲಿಯವರೆಗೂ, ಆಮೇಲೆ ಕೆಲವು ವಾರಗಳೂ, ಹಳೆಯ ಎಕ್ಸ್‌ಚೇಂಜಿನ ಬ್ಯಾಟರಿಗಳು ಚಾರ್ಜಿನಲ್ಲೇ ಇರುತ್ತವೆ. ಕೊನೆಗೆ ಅವನ್ನು ಗುಜರಿಯವನಿಗೆ ಕೊಡುವಂತಿಲ್ಲ. ಸೀಸವೂ ಗಂಧಕಾಮ್ಲವೂ ಇರುವುದರಿಂದ ನೋಂದಾಯಿತ ಮರುಬಳಕೆದಾರರಿಗೇ ತಲುಪಿಸಬೇಕು.