ಆರು ಹೆಣ, ಒಂದು ಕೇಸು, ಮತ್ತು ನಮ್ಮ ಗೇಟಿನ ರಿಜಿಸ್ಟರು

ಕಳೆದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಒಂದು ಚಾರ್ಟ್ ಬಂತು. ವೈಜಾಗಿನಲ್ಲಿ ಕೊಲೆ, ಸುಲಿಗೆ ಏರುತ್ತಿವೆ ಅಂತ ಮೇಲಕ್ಕೆ ಹೋಗುವ ಕೆಂಪು ಬಾಣ. ಅಂಕಿ ಎಲ್ಲಿಯದು, ಯಾವ ವರ್ಷದ್ದು, ಒಂದೂ ಇಲ್ಲ. ಭಾನುವಾರದ ಮೀಟಿಂಗಿನಲ್ಲಿ ಆ ಬಾಣವೇ ಗೊತ್ತುವಳಿಯಾಯಿತು: ಒಡಿಶಾ, ಬಿಹಾರದಿಂದ ಬಂದ ಕೂಲಿಗಳ ಫೋಟೊ, ಆಧಾರ್ ಪ್ರತಿ ಗೇಟಿನ ರಿಜಿಸ್ಟರಿನಲ್ಲಿರಬೇಕು. "ಹೊರಗಿನವರು ಬಂದ ಮೇಲೇ ಪೆಂಡುರ್ತಿ ಕೆಟ್ಟಿದ್ದು" ಎಂದರು ಸೆಕ್ರೆಟರಿ ಗಾರು. ನಾನು ಹುಬ್ಬಳ್ಳಿಯವನು. "ನಾನೂ ಹೊರಗಿನವನೇ ಅಲ್ವಾ ಸಾರ್?" ಅಂದೆ. "ಮೀರು ವೇರು ಸಾರ್" ಅಂತ ನಕ್ಕರು. ನೀವು ಬೇರೆ ಅಂತೆ. ಆ ನಗು ನನಗೆ ಇನ್ನೂ ಜೀರ್ಣವಾಗಿಲ್ಲ.

ಇದೇ ಪೆಂಡುರ್ತಿ ಮಂಡಲದ ಜುತ್ತಾಡ ಎಂಬ ಹಳ್ಳಿಯಲ್ಲಿ 2021ರ ಏಪ್ರಿಲ್ 15ರ ಬೆಳಗ್ಗೆ ಒಂದೇ ಕುಟುಂಬದ ಆರು ಜನರನ್ನು ಕಡಿದು ಕೊಂದರು. ಅದರಲ್ಲಿ ಇಬ್ಬರು ಮಕ್ಕಳು. ಆರೋಪಿ ಅದೇ ಊರಿನವನು. 2018ರ ಒಂದು ಪೊಲೀಸ್ ದೂರಿನ ಸುತ್ತ ಬೆಳೆದ ಹಗೆ ಎಂದು ಆಗಿನ ವರದಿಗಳು ಹೇಳಿದವು. 2024ರ ಫೆಬ್ರುವರಿಯಲ್ಲಿ ಕೊಮ್ಮಾದಿಯಲ್ಲಿ ಒಬ್ಬ ತಹಶೀಲ್ದಾರರನ್ನು ಅವರ ಅಪಾರ್ಟ್‌ಮೆಂಟಿನ ಅಂಗಳದಲ್ಲೇ ಕಬ್ಬಿಣದ ರಾಡಿನಿಂದ ಹೊಡೆದು ಕೊಂದರು. ಪೊಲೀಸರು ಕೊಟ್ಟ ಕಾರಣ ಜಮೀನಿನ ವ್ಯವಹಾರ. ವಿಜಯವಾಡದ ಕಥೆ ಇನ್ನೂ ಹಳೆಯದು. 1988ರ ಡಿಸೆಂಬರ್ 26ರಂದು ಉಪವಾಸ ಕೂತಿದ್ದ ಶಾಸಕ ವಂಗವೀಟಿ ಮೋಹನ ರಂಗಾ ಅವರ ಕೊಲೆಯಾಯಿತು, ಊರು ಹೊತ್ತಿ ಉರಿಯಿತು. ಆ ದ್ವೇಷಕ್ಕೆ ಬಿಹಾರದ ಕೂಲಿ ಬೇಕಾಗಿರಲಿಲ್ಲ. ನಮ್ಮ ರಿಜಿಸ್ಟರು ಇವುಗಳಲ್ಲಿ ಯಾವುದನ್ನು ತಡೆಯುತ್ತಿತ್ತು, ಯಾರಾದರೂ ಹೇಳಿ.

ಇನ್ನು ಅಂಕಿಗಳ ಮಾತು. ಹದಿನೈದು ವರ್ಷದಿಂದ ಪ್ರಾಜೆಕ್ಟ್ ರಿಪೋರ್ಟ್ ಬರೆದು ಬದುಕುತ್ತಿರುವವನು ನಾನು. ಒಳ್ಳೆಯ ಟೆಸ್ಟರ್ ಬಂದ ತಿಂಗಳು ಬಗ್ ಸಂಖ್ಯೆ ಏರುತ್ತದೆ. ಕೋಡ್ ಕೆಟ್ಟಿತು ಅಂತಲ್ಲ, ಕೆಟ್ಟಿದ್ದು ಈಗ ಕಾಣುತ್ತಿದೆ ಅಂತ. ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 2012ರಲ್ಲಿ 24,923 ಇದ್ದದ್ದು 2013ರಲ್ಲಿ 33,707ಕ್ಕೆ ಏರಿದವು. ದೆಹಲಿಯ ಆ ಘಟನೆಯ ನಂತರ ಕಾನೂನು ಬದಲಾಯಿತು, ದೂರು ಕೊಡುವ ಧೈರ್ಯ ಬಂತು. ಅದನ್ನು ಬರೀ ಅಪರಾಧದ ಏರಿಕೆ ಎಂದು ಓದಿದರೆ, ಠಾಣೆಯಿಂದ ಹೆಣ್ಣುಮಕ್ಕಳನ್ನು ಹಿಂದಕ್ಕೆ ಕಳಿಸುತ್ತಿದ್ದ ವರ್ಷಗಳೇ ಸುರಕ್ಷಿತ ಎಂದು ಒಪ್ಪಿದಂತಾಗುತ್ತದೆ.

ಎಣಿಸುವ ರೀತಿಯನ್ನೂ ನೋಡಿ. ಎನ್‌ಸಿಆರ್‌ಬಿ ಲೆಕ್ಕದಲ್ಲಿ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಘೋರವಾದದ್ದನ್ನು ಮಾತ್ರ ಹಿಡಿಯುತ್ತಾರೆ. ಕೊಲೆಗಳೆಲ್ಲ ಒಂದೇ ಎಫ್‌ಐಆರ್‌ನಲ್ಲಿದ್ದರೆ ಪ್ರಕರಣದ ಕಾಲಮಿನಲ್ಲಿ ಒಂದು, ಸತ್ತವರ ಕಾಲಮಿನಲ್ಲಿ ಆರು. ಪೇಪರಿನವರು ಸಾಮಾನ್ಯವಾಗಿ ಎತ್ತಿಕೊಳ್ಳುವುದು ಮೊದಲ ಕಾಲಮನ್ನು. ಇನ್ನು ವೈಜಾಗಿನಂಥ ನಗರದಲ್ಲಿ ಒಂದು ವರ್ಷ ಹತ್ತು ಕೊಲೆ ಹೆಚ್ಚಾದರೆ ಶೇಕಡಾವಾರು ಜಿಗಿಯುತ್ತದೆ, ಮರುವರ್ಷ ಕುಸಿಯುತ್ತದೆ. ಎರಡು ವರ್ಷದ ಎರಡು ಕಂಬ ನಿಲ್ಲಿಸಿ ಅದಕ್ಕೆ ಟ್ರೆಂಡ್ ಅಂತ ಹೆಸರಿಟ್ಟರೆ ನಮ್ಮ ಆಫೀಸಿನ ಟ್ರೈನಿಯೂ ನಗುತ್ತಾನೆ.

2016ರ ವರದಿಯಿಂದ ಎನ್‌ಸಿಆರ್‌ಬಿ ಪ್ರತ್ಯೇಕ ಅಧ್ಯಾಯದಲ್ಲಿ ತೋರಿಸುವುದು 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ 19 ಮಹಾನಗರಗಳನ್ನು. 2011ರ ಜನಗಣತಿಯಲ್ಲಿ ವೈಜಾಗ್ 17 ಲಕ್ಷ ಚಿಲ್ಲರೆ, ವಿಜಯವಾಡ 15 ಲಕ್ಷದೊಳಗೆ. ಎರಡೂ ಹೊರಗೆ. ನಮ್ಮ ಹುಬ್ಬಳ್ಳಿ, ಮಂಗಳೂರೂ ಹೊರಗೆ. ಒಳಗಿರುವ ಬೆಂಗಳೂರಿನ ಪಾಡೂ ಅಷ್ಟಕ್ಕಷ್ಟೆ: ಪ್ರತಿ ಲಕ್ಷಕ್ಕೆ ಎಷ್ಟು ಎಂದು ಭಾಗಿಸುವುದು ಇವತ್ತಿನ ಅಪರಾಧವನ್ನು 2011ರ ಜನಸಂಖ್ಯೆಯಿಂದ. ಹೋದವರು ಬಂದವರು ಯಾರೂ ಆ ಛೇದದಲ್ಲಿಲ್ಲ. ಅಂದರೆ ವಲಸಿಗರು ಅಪರಾಧದ ಅಂಕಿಯಲ್ಲಿದ್ದೇವೆ, ಜನರ ಅಂಕಿಯಲ್ಲಿಲ್ಲ. ಊರು ಎಷ್ಟು ಬೆಳೆದರೆ ಅಷ್ಟು ಕೆಟ್ಟದಾಗಿ ಕಾಣುವ ಲೆಕ್ಕ ಇದು.

ಹಾಗಾದರೆ ಭಯವೇ ಬೇಡವೇ? ಬೇಕು. ರಾತ್ರಿ ಹತ್ತರ ಮೇಲೆ ಹೆಂಡತಿ ಬಸ್ಸಿಳಿದು ನಡೆದು ಬರುವಾಗ ನಾನೂ ಬಾಲ್ಕನಿಯಲ್ಲಿ ನಿಂತಿರುತ್ತೇನೆ. ಹೊರಗಿನಿಂದ ಬಂದವರಲ್ಲಿ ಅಪರಾಧಿಗಳೇ ಇಲ್ಲ ಎನ್ನುವಷ್ಟು ಮುಗ್ಧನೂ ನಾನಲ್ಲ. ಆದರೆ ಭಯ ಸರಿಯಾದ ಕಡೆ ಇರಲಿ. 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಅದರಲ್ಲಿ ಜಗಳ, ವ್ಯಾಜ್ಯದಿಂದ 9,962, ವೈಯಕ್ತಿಕ ಹಗೆಯಿಂದ 3,761. ಎರಡೂ ಸೇರಿದರೆ ಅರ್ಧಕ್ಕೆ ಹತ್ತಿರ. ಹಣ, ಒಡವೆಯ ಲಾಭಕ್ಕಾಗಿ ನಡೆದದ್ದು 1,884. ಜಗಳವಾಗಲಿ ಹಗೆಯಾಗಲಿ ಹುಟ್ಟುವುದು ಗುರುತಿನವರ ನಡುವೆ. ಗಡಿ ಕಲ್ಲು ಕಿತ್ತವನು, ಸಾಲ ಕೊಟ್ಟವನು, ಕೋರ್ಟಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಕೇಸಿನ ಎದುರಾಳಿ, ಇವರ ಫೋಟೊ ಯಾವ ಗೇಟಿನಲ್ಲೂ ಇರುವುದಿಲ್ಲ.

ಕೇಳುವುದಾದರೆ ಇದನ್ನು ಕೇಳೋಣ: ವರ್ಷದ ಕೊನೆಯಲ್ಲಿ ಒಂದು ಪತ್ರಿಕಾಗೋಷ್ಠಿಗೆ ಬದಲು ಠಾಣಾವಾರು ಅಂಕಿ ಪ್ರತಿ ತಿಂಗಳೂ ಬರಲಿ, ಕಾರಣದ ಸಮೇತ. ಜಮೀನಿನ ತಕರಾರು, ಬೆದರಿಕೆಯ ದೂರುಗಳನ್ನು ಮೊದಲ ದಿನವೇ ಬರೆದುಕೊಳ್ಳಲಿ. ಬಸ್ ಸ್ಟಾಪಿನಿಂದ ನಮ್ಮ ಗೇಟಿನವರೆಗೆ ಬೀದಿದೀಪ ಉರಿಯಲಿ.

ಗೊತ್ತುವಳಿ ಪಾಸಾಯಿತು. ವಿರೋಧಿಸಿದ್ದು ನಾನೊಬ್ಬನೇ. ಮರುದಿನ ಬೆಳಗ್ಗೆ ಗೇಟಿನಲ್ಲಿ ನಿಂತು, ರಿಜಿಸ್ಟರಿನ ಮೊದಲ ಸಾಲಿನಲ್ಲಿ ನನ್ನ ಹೆಸರು, ಊರು ಹುಬ್ಬಳ್ಳಿ, ಆಧಾರ್ ನಂಬರು ಬರೆದೆ. ವಾಚ್‌ಮನ್ ಗಾಬರಿಯಾಗಿ, "ಮೀಕು ಅವಸರಂ ಲೇದು ಸಾರ್" ಅಂದ. ಅವನ ಊರು ಶ್ರೀಕಾಕುಳಂ. ಎರಡನೇ ಸಾಲಿನಲ್ಲಿ ಯಾರ ಹೆಸರು ಬರೆಸಬೇಕು ಅಂತ ಅವನೂ ನಾನೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು.