ಬಿಳಿಯ ರಕ್ತದ ವಿಚಿತ್ರ ರೋಗ

1845ರಲ್ಲಿ ಎಡಿನ್‌ಬರೋ ನಗರದ ಆಸ್ಪತ್ರೆಗೆ 28 ವರ್ಷದ ಕೂಲಿಕಾರನೊಬ್ಬ ಬಂದ. ಮನೆಗಳ ಮಾಡಿಗೆ ಕಲ್ಲುಹಲಗೆ ಹೊದಿಸುವುದು ಅವನ ಕಸುಬು. ಹೊಟ್ಟೆಯ ಎಡಭಾಗದಲ್ಲಿ ಗುಲ್ಮವು ಗಡ್ಡೆಯಂತೆ ಬೆಳೆದಿತ್ತು. ಕೆಲವೇ ವಾರಗಳಲ್ಲಿ ಆತ ತೀರಿಕೊಂಡ. ರಕ್ತವನ್ನು ನೋಡಿದ ವೈದ್ಯ ಬೆನೆಟ್, ಅದು ಕೀವಾಗಿದೆಯೆಂದೇ ಭಾವಿಸಿದ. ಅದೇ ವರ್ಷ ತನ್ನ ರೋಗಿಯೊಬ್ಬಳಲ್ಲಿ ಇಂಥದೇ ರಕ್ತವನ್ನು ಕಂಡ ಬರ್ಲಿನ್ನಿನ ವಿರ್ಶೋ ಮಾತ್ರ ಅದು ಕೀವಲ್ಲ, ಬಿಳಿಯ ಕಣಗಳ ವಿಪರೀತ ವೃದ್ಧಿಯೆಂದು ತಿಳಿದ. 1847ರಲ್ಲಿ ಅದಕ್ಕೆ ಲ್ಯುಕೇಮಿಯಾ ಎಂಬ ಹೆಸರನ್ನಿಟ್ಟ.

ಈ ಕುಲದ ರೋಗಗಳಲ್ಲಿ ದೀರ್ಘಕಾಲದ ಮೈಲಾಯ್ಡ್ ಲ್ಯುಕೇಮಿಯಾ ಬಲು ಸದ್ದಿಲ್ಲದ್ದು. ಬೇರಾವುದೋ ಕಾರಣಕ್ಕೆ ರಕ್ತಪರೀಕ್ಷೆ ಮಾಡಿಸಿದಾಗ ಅಕಸ್ಮಾತ್ತಾಗಿ ಬಯಲಾಗುವುದುಂಟು. ಆರೋಗ್ಯವಂತರಲ್ಲಿ ಘನ ಮಿಲಿಮೀಟರಿಗೆ ನಾಲ್ಕರಿಂದ ಹನ್ನೊಂದು ಸಾವಿರವಿರುವ ಬಿಳಿಯ ಕಣಗಳು ಇಲ್ಲಿ ಲಕ್ಷವನ್ನೂ ಮೀರಬಲ್ಲವು. ಆಗ ರಕ್ತ ಮಂದವಾಗಿ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ರೋಗ ವೇಷ ಮರೆಸಿಕೊಳ್ಳುವುದು ಇಲ್ಲಿಯೇ. ದೃಷ್ಟಿ ಮಸುಕಾಯಿತೆಂದು ಕಣ್ಣಿನ ವೈದ್ಯರಲ್ಲಿಗೆ ಹೋದವರ ಅಕ್ಷಿಪಟಲದಲ್ಲಿ ರಕ್ತಸ್ರಾವ ಕಾಣುವುದುಂಟು. ಅಪರೂಪಕ್ಕೆ ಕಿವಿ ಹಠಾತ್ತನೆ ಕಿವುಡಾಗುವುದುಂಟು. ಗಂಡಸರಲ್ಲಿ ಜನನೇಂದ್ರಿಯವು ಇಚ್ಛೆಯಿಲ್ಲದೆಯೇ ಗಂಟೆಗಟ್ಟಲೆ ಉದ್ರೇಕಗೊಂಡು ನೋಯಬಹುದು. ನಾಚಿ ಮುಚ್ಚಿಟ್ಟರೆ ಹಾನಿ ಶಾಶ್ವತ. ಕೂಡಲೇ ಆಸ್ಪತ್ರೆ ಸೇರಬೇಕು. ಉಬ್ಬಿದ ಗುಲ್ಮ ಒಡೆದು ಪ್ರಾಣಕ್ಕೆ ಬಂದ ಪ್ರಸಂಗಗಳೂ ವಿರಳವಾಗಿ ದಾಖಲಾಗಿವೆ.

ರೋಗದ ಮೂಲ ಸಿಕ್ಕಿದ್ದು ನಿಧಾನವಾಗಿ. 1960ರಲ್ಲಿ ಫಿಲಡೆಲ್ಫಿಯಾದ ನೋವೆಲ್ ಮತ್ತು ಹಂಗರ್‌ಫರ್ಡ್ ಈ ರೋಗಿಗಳ ಕಣಗಳಲ್ಲಿ ಕುಗ್ಗಿದ ವರ್ಣತಂತುವೊಂದನ್ನು ಕಂಡರು. 9 ಮತ್ತು 22ನೆಯ ವರ್ಣತಂತುಗಳು ತುಣುಕುಗಳನ್ನು ಅದಲುಬದಲು ಮಾಡಿಕೊಂಡ ಫಲವಿದೆಂದು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿದರು. ಹೀಗೆ ಬೆಸೆದ ಜೀನಿನಿಂದ ಹುಟ್ಟುವ ಕಿಣ್ವವು, ವೃದ್ಧಿಯಾಗಿರೆಂದು ಕಣಗಳಿಗೆ ಬಿಡುವಿಲ್ಲದೆ ಅಪ್ಪಣೆ ಕೊಡುತ್ತಿರುತ್ತದೆ. ಅದರ ಬಾಯಿ ಕಟ್ಟುವ ಇಮಾಟಿನಿಬ್ ಗುಳಿಗೆಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ದೊರೆಯಿತು. ಗುಳಿಗೆಗೆ ಮಣಿದವರು ಇಂದು ಬಹುಮಟ್ಟಿಗೆ ಎಲ್ಲರಂತೆ ಬಾಳುತ್ತಾರೆ.

ಆದರೆ ರೋಗ ಒಮ್ಮೆ ಉಗ್ರರೂಪ ತಾಳಿದರೆ ಕಥೆಯೇ ಬೇರೆ. ಬಲಿಯದ ಎಳೆಯ ಕಣಗಳು ರಕ್ತದಲ್ಲೋ ಮಜ್ಜೆಯಲ್ಲೋ ನೂರಕ್ಕೆ ಇಪ್ಪತ್ತನ್ನು ಮುಟ್ಟಿದರೆ ಅದು ಆ ಹಂತದ ಕುರುಹು. ವಿಚಿತ್ರವೆಂದರೆ, ಹೀಗೆ ಕೆರಳಿದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಂದಿಯಲ್ಲಿ ರೋಗ ತನ್ನ ಜಾತಿಯನ್ನೇ ಬದಲಿಸಿ, ಲಿಂಫಾಯ್ಡ್ ಎಂಬ ಬೇರೆ ಬಗೆಯ ಕಣಗಳಾಗಿ ಬರುತ್ತದೆ. ಕೆಲವೊಮ್ಮೆ ಮಜ್ಜೆ ಶಾಂತವಾಗಿರುವಾಗಲೇ ಮೂಳೆಯಲ್ಲೋ ದುಗ್ಧಗ್ರಂಥಿಯಲ್ಲೋ ಗಂಟಾಗಿ ತಲೆಯೆತ್ತುತ್ತದೆ.

ಕಿಣ್ವವು ಒಂದೆಡೆ ಮಾರ್ಪಟ್ಟು ಗುಳಿಗೆಗೆ ಕೂರಲು ಜಾಗ ಕೊಡದಿರುವುದೂ ಉಂಟು. ಗುಣವಾಯಿತೆಂದು ರೋಗಿಯೇ ಗುಳಿಗೆ ತಪ್ಪಿಸುವುದು ಇನ್ನೊಂದು ದಾರಿ. ವರ್ಷಗಟ್ಟಲೆ ನೋವಿಲ್ಲದವನಿಗೆ ಔಷಧ ಮರೆಯುವುದು ಸಹಜವೇ. ಬಹುಕಾಲ ರೋಗದ ಸುಳಿವೇ ಇಲ್ಲದಂತಾದ ಕೆಲವರಲ್ಲಿ ವೈದ್ಯರೇ ಗುಳಿಗೆ ನಿಲ್ಲಿಸಿ ನೋಡುತ್ತಾರೆ. ಹಾಗೆ ನಿಲ್ಲಿಸಿದವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ರೋಗ ಮರುಕಳಿಸಿಲ್ಲ. ಉಳಿದವರಲ್ಲಿ ಅದರ ಮೊದಲ ಸುಳಿವನ್ನು ಹಿಡಿಯಲು ಮೊದಮೊದಲು ತಿಂಗಳು ತಿಂಗಳೂ ರಕ್ತಪರೀಕ್ಷೆ ನಡೆಯುತ್ತದೆ.